ಬ್ರೆಟ್ ಕಳಿಸಿದ ಡಬ್ಬಿ

ಆಗಸ್ಟ್ ೩೧, ಭಾನುವಾರ

ನಿನ್ನೆಯ ಮ್ಯಾಚಿನಲ್ಲಿ ಬೇಲಿಗೆ ಒರಗಿ ನಿಂತಿದ್ದ ಒಬ್ಬ ಗಂಡಸು ನನ್ನ ಮಗಳು ಡೆಲ್ಫಿನ್‌ಳನ್ನು ನೋಡಿ ಮಂಗನ ಹಾಗೆ ಕೂಗಿದ. ಒಂದು ಸಲವಲ್ಲ, ಅವಳ ಕೈಗೆ ಚೆಂಡು ಬಂದಾಗಲೆಲ್ಲ. ನಾನು ಅವನಿಂದ ಸ್ವಲ್ಪವೇ ಆಚೆ ನಿಂತಿದ್ದೆ. ಫ್ಲಾಸ್ಕಿನ ಮುಚ್ಚಳ ತೆಗೆಯುವುದು, ಹಾಕುವುದು, ಇದೇ ಮಾಡಿದೆ. ಡೆಲ್ಫಿನ್ ಮಾತ್ರ ಆಟ ನಿಲ್ಲಿಸಿ, ಅಂಪೈರ್ ಹತ್ತಿರ ಹೋಗಿ, ಅವನ ಕಡೆಗೆ ಕೈ ತೋರಿಸಿ ಹೇಳಿಬಿಟ್ಟಳು. ಅವನನ್ನು ಹೊರಗೆ ಕರೆದುಕೊಂಡು ಹೋದರು. ಈಗ ಲೀಗಿನವರು ವಿಚಾರಣೆ ನಡೆಸುತ್ತಾರಂತೆ.

ಇಲ್ಲಿ ಫುಟಿ ಎನ್ನುವ, ಚೆಂಡನ್ನು ಕೈಯಲ್ಲೂ ಹಿಡಿದು ಆಡುವ ಫುಟ್‌ಬಾಲಿನ ಹೆಂಗಸರ ದೊಡ್ಡ ಲೀಗಿನಲ್ಲಿ ಅವಳಿಗಿದು ಮೊದಲನೇ ವರ್ಷ. ಇಪ್ಪತ್ತು ತುಂಬಿದೆ ಅಷ್ಟೇ. ಮುಂದಿನ ವರ್ಷದ ಕಾಂಟ್ರಾಕ್ಟ್ ಇನ್ನೂ ಕೈಗೆ ಬಂದಿಲ್ಲ. ಸುಮ್ಮನೆ ಆಡಿಕೊಂಡು ಹೋಗಬಾರದಿತ್ತೇ ಎಂದು ನನಗೆ ಸಿಟ್ಟು. ಸುಮ್ಮನಿದ್ದಿದ್ದರೂ ಸಿಟ್ಟು ಬರುತ್ತಿತ್ತೇನೋ.

"ಅಕಿ ಮಾಡಿದ್ದು ಸರಿ ಐತಿ, ಅಸುಂತಾ. ನೀ ಮೊದಲ ನಿನ್ನ ಬಿ.ಪಿ. ನೋಡ್ಕೋ," ಎಂದರು ಇವರು. ನನ್ನ ಗಂಡ ಕಮಿಲ್ಲಸ್‌ಗೆ ಎಲ್ಲದಕ್ಕೂ ಬಿ.ಪಿ. ಒಂದೇ ಉತ್ತರ. ಗೋದಾಮಿನಲ್ಲಿ ಇಡೀ ದಿನ ಫೋರ್ಕ್‌ಲಿಫ್ಟ್ ಓಡಿಸಿ ಬಂದು ಮಾತೇ ಆಡದೆ ಉಂಡು ಮಲಗುವ ಮನುಷ್ಯನಿಗೆ ಬಿ.ಪಿ. ಎಲ್ಲಿಂದ ಬರಬೇಕು?

ಸೆಪ್ಟೆಂಬರ್ ೨, ಮಂಗಳವಾರ

ನಾನು ಕೆಲಸ ಮಾಡುವ ಗ್ಲೆನ್ ವೇವರ್ಲಿಯ ವೃದ್ಧಾಶ್ರಮದಲ್ಲಿ ಮಾರ್ಜರಿ ಎಂಬ ಅಜ್ಜಿಗೆ ನೆನಪು ನಿಲ್ಲುವುದಿಲ್ಲ. ಬೆಳಿಗ್ಗೆ ಸಾಕ್ಸ್ ಹಾಕುವಾಗ, ನಿನ್ನದು ಯಾವ ಊರು ಎಂದು ದಿನಾ ಕೇಳುತ್ತಾರೆ. ದಿನಾ ನಾನು ಪೂರ್ತಿ ಒಪ್ಪಿಸುತ್ತೇನೆ: ಇಂಡಿಯಾ, ಕರ್ನಾಟಕ, ಹಳಿಯಾಳದ ಕಡೆ. ಆದರೆ ನಾವು ಸಿದ್ದಿಗಳು. ನಮ್ಮ ಹಿರಿಯರನ್ನು ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಹಡಗಿನಲ್ಲಿ ತಂದು ಮಾರಿದರು, ತಪ್ಪಿಸಿಕೊಂಡವರು ಕಾಡು ಸೇರಿದರು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಭಾನುವಾರ ಇಗರ್ಜಿ. ಇದರಲ್ಲಿ ಒಂದು ಬಿಟ್ಟರೂ ಸುಳ್ಳು ಹೇಳಿದಂತಾಗುತ್ತದೆ ಎಂದು ನನಗೆ ಹೆದರಿಕೆ. ಅಜ್ಜಿ "ಲವ್ಲಿ" ಎನ್ನುತ್ತಾರೆ. ಮರುದಿನ ಮತ್ತೆ ಕೇಳುತ್ತಾರೆ.

ಇವತ್ತು ಅವರ ಕೋಣೆಯ ರೇಡಿಯೋದಲ್ಲಿ ನನ್ನ ಮಗಳ ಹೆಸರು ಬಂತು. ಬೆಳಗಿನ ಕ್ರೀಡಾ ಹರಟೆ. ಬ್ರೆಟ್ ಅಂತ ಒಬ್ಬ, ಹಿಂದೆ ಆಡುತ್ತಿದ್ದವನು, ಈಗ ಮಾತಾಡುತ್ತಾನೆ.

"ಕೂಗಿದ್ದು ತಪ್ಪು, ಒಪ್ಪಿದೆ," ಎಂದ. "ಆದರೆ ನಾನು ಹುಡುಕಿ ನೋಡಿದೆ. ಈ ಹುಡುಗಿ ಇಂಡಿಯನ್. ಅಪ್ಪ ಇಂಡಿಯನ್, ಅಮ್ಮ ಇಂಡಿಯನ್. ಹೋದ ವರ್ಷ ಚಿಕ್ಕ ಲೀಗಿನಲ್ಲಿ ಒಂದು ಜುಟ್ಟು ಕಟ್ಟಿಕೊಂಡು ಆಡುತ್ತಿದ್ದಳು, ಈ ವರ್ಷ ಆಫ್ರಿಕನ್ ಜಡೆ. ಜರ್ಸಿ ಬದಲಿಸಿದ ಹಾಗೆ ಇದನ್ನೂ ಬದಲಿಸಬಹುದೇ? ಅವಳು ನಿಜವಾಗಿಯೂ ಕಪ್ಪು ಹುಡುಗಿಯೇ ಎಂದು ನಾವು ಕೇಳಬಾರದೇ?"

ಜೊತೆಯಲ್ಲಿದ್ದವರು ನಕ್ಕರು. ನನ್ನ ಕೈಯಲ್ಲಿ ಒಂದು ಸಾಕ್ಸ್ ಇತ್ತು, ಇನ್ನೊಂದು ಎಲ್ಲಿ ಇಟ್ಟೆನೋ ಸಿಗಲೇ ಇಲ್ಲ.

ಜಡೆಯ ವಿಷಯ ಇಷ್ಟೇ: ಹೋದ ಬೇಸಿಗೆಯಲ್ಲಿ ನನ್ನ ಭುಜ ಹಿಡಿದುಕೊಂಡಿತು. ಕೈ ಮೇಲೆತ್ತಿ ಅವಳ ತಲೆ ಬಾಚಲು ಆಗಲಿಲ್ಲ. ನಮ್ಮ ಕೂದಲು ಬಾಚುವುದೆಂದರೆ ಕೂಲಿ ಕೆಲಸ. ಅದಕ್ಕೇ ಡ್ಯಾಂಡಿನಾಂಗ್ ಮಾರ್ಕೆಟ್ ಹತ್ತಿರ ನ್ಯಾಂಡೆಂಗ್ ಎಂಬ ಸುಡಾನಿನ ಹೆಂಗಸಿನ ಜಡೆ ಹೆಣೆಯುವ ಅಂಗಡಿಗೆ ಕಳಿಸಿದೆ. ಅವಳು ಬಿಗಿಯಾಗಿ ಹೆಣೆದುಕೊಟ್ಟಳು, ವಾರಗಟ್ಟಲೆ ಬಾಚುವ ಕಷ್ಟ ತಪ್ಪಿತು. ಬ್ರೆಟ್‌ಗೆ ನನ್ನ ಭುಜದ ಎಕ್ಸ್‌ರೇ ಕಳಿಸಬೇಕೇನೋ.

ಸೆಪ್ಟೆಂಬರ್ ೩, ಬುಧವಾರ

ಡೆಲ್ಫಿನ್ ಊಟಕ್ಕೆ ಬರಲಿಲ್ಲ. ಬಾಗಿಲು ಹಾಕಿಕೊಂಡು ಫೋನು ನೋಡುತ್ತಾಳೆ. ಜನ ಬರೆದದ್ದನ್ನು ನಾನೂ ಓದಿದೆ. ಓದಬಾರದಿತ್ತು.

ಸೆಪ್ಟೆಂಬರ್ ೫, ಶುಕ್ರವಾರ

ಇವತ್ತು ಬ್ರೆಟ್ ಇನ್ನೊಂದು ಮಾತು ಹೇಳಿದ. ಬಾಯಿಯ ಎಂಜಲಿನಿಂದ ವಂಶ ಹೇಳುವ ಪರೀಕ್ಷೆ ಇದೆಯಂತೆ. ಖರ್ಚು ಅವರದೇ. ಮುಂದಿನ ಶನಿವಾರ ಸಿಡ್ನಿ ಮ್ಯಾಚಿನ ದಿನ ಅವಳು ಕ್ಯಾಮೆರಾ ಮುಂದೆ ಉಗುಳಿ ಕೊಡಲಿ, ಫಲಿತಾಂಶ ಬಂದ ಮೇಲೆ ಕಾರ್ಯಕ್ರಮದಲ್ಲೇ ಓದೋಣ ಎಂದ. ತಮಾಷೆಗೆ ಹೇಳಿರಬಹುದು ಎಂದುಕೊಂಡೆ. ಸಂಜೆಯ ಹೊತ್ತಿಗೆ ಡಬ್ಬಿ ಕ್ಲಬ್ಬಿಗೇ ಬಂದಿತ್ತು. ಡೆಲ್ಫಿನ್ ಅದನ್ನು ಮನೆಗೆ ತಂದು ಫ್ರಿಡ್ಜಿನ ಮೇಲೆ ಇಟ್ಟಳು.

ಬಿಳಿ ಡಬ್ಬಿ, ಒಳಗೆ ಮುಚ್ಚಳವಿರುವ, ಗಾಜಿನಂಥ ಪ್ಲಾಸ್ಟಿಕ್ ಕೊಳವೆ. ಗಟ್ಟಿ ಡಬ್ಬಿ. ಇಲ್ಲಿ ಇಂಥವನ್ನೆಲ್ಲ ಎಸೆಯುತ್ತಾರೆ.

"ಮಾಡಿಸ್ತೀನಿ ಮಮ್ಮಾ," ಎಂದಳು ಇಂಗ್ಲಿಷಿನಲ್ಲಿ. ಅವಳಿಗೆ ಕನ್ನಡ, ಕೊಂಕಣಿ ಎರಡೂ ತಿಳಿಯುತ್ತವೆ, ಉತ್ತರ ಮಾತ್ರ ಇಂಗ್ಲಿಷು. "ಒಂದು ಸಲ ಉಗುಳಿದರೆ ಎಲ್ಲರ ಬಾಯಿ ಮುಚ್ಚುತ್ತದೆ. ಇಲ್ಲದಿದ್ದರೆ ಆ ವಿಚಾರಣೆಗೆ ನಾನು ಹೋಗುವುದೇ ಇಲ್ಲ. ಅಲ್ಲಿಯೂ ಇದನ್ನೇ ಕೇಳುತ್ತಾರೆ. ದೂರು ವಾಪಸ್ ತಗೊಳ್ತೀನಿ."

ಈ ವಾರದ ಮ್ಯಾಚಿಗೆ ಅವಳನ್ನು ಆಡಿಸುತ್ತಿಲ್ಲ. ವಿಶ್ರಾಂತಿ ಎಂದರಂತೆ. ಅವಳಿಗೆ ಸುಸ್ತಾದದ್ದನ್ನು ನಾನು ನೋಡಿಲ್ಲ.

ನನ್ನ ಹೆದರಿಕೆಯನ್ನು ಇವರಿಗೂ ಹೇಳಿಲ್ಲ. ಇಲ್ಲಿ ಬರೆಯುತ್ತೇನೆ. ಇಷ್ಟು ತಲೆಮಾರಾಗಿದೆ, ಯಾರ ರಕ್ತ ಯಾರಲ್ಲಿ ಸೇರಿದೆಯೋ ಯಾರಿಗೆ ಗೊತ್ತು? ಆ ಕೊಳವೆ, ನಮ್ಮಲ್ಲಿ ಆಫ್ರಿಕಾ ಸ್ವಲ್ಪವೇ ಇದೆ ಎಂದುಬಿಟ್ಟರೆ? ನನ್ನ ಮಾಯ್‌ಗೆ, ಅಂದರೆ ಅಮ್ಮನಿಗೆ, ಬಸ್ಸಿನಲ್ಲಿ ಪಕ್ಕದ ಸೀಟು ಯಾರೂ ಕೊಡುತ್ತಿರಲಿಲ್ಲ. ಅದು ಸ್ವಲ್ಪವೇ ಇದ್ದದ್ದಕ್ಕೋ?

ಸೆಪ್ಟೆಂಬರ್ ೬, ಶನಿವಾರ

ಡೆಲ್ಫಿನ್ ಜೊತೆ ನ್ಯಾಂಡೆಂಗ್ ಅಂಗಡಿಗೆ ಹೋದೆ. ಯಾವಾಗಲೂ ಗಲಗಲ ಎನ್ನುವ ಅಂಗಡಿ ನಾವು ಹೋದ ಕೂಡಲೇ ಸುಮ್ಮನಾಯಿತು. ಕಾಯುತ್ತಿದ್ದ ಒಬ್ಬಳು ಹೇಳಿಯೇಬಿಟ್ಟಳು: "ನಮ್ಮ ಹುಡುಗಿಯರಿಗೂ ಹೀಗೇ ಕೂಗುತ್ತಾರೆ. ರೇಡಿಯೋದವರು ನಮ್ಮ ಬಗ್ಗೆ ಒಂದು ದಿನವೂ ಮಾತಾಡಿಲ್ಲ. ಇವಳು ಇಂಡಿಯನ್ ಅಂತೆ, ಇವಳಿಗೆ ಇಷ್ಟು ಗದ್ದಲ."

ಡೆಲ್ಫಿನ್ ನೆಲ ನೋಡಿದಳು. ನಾನು ತಲೆ ಆಡಿಸಿದೆ. ಅವಳು ಹೇಳಿದ್ದರಲ್ಲಿ ಸುಳ್ಳೇನಿದೆ?

ನ್ಯಾಂಡೆಂಗ್ ಹಣಿಗೆ ಎತ್ತಿಕೊಂಡಳು. ಕುರ್ಚಿ ತಿರುಗಿಸಿ, "ಕೂತ್ಕೋ ಮಗಳೇ, ಕುತ್ತಿಗೆ ನೇರ ಮಾಡು," ಎಂದಳು. ಎಷ್ಟು ಹೊತ್ತಾದರೂ ಬೇಸರಿಸದೆ ಹೆಣೆದಳು. ಡೆಲ್ಫಿನ್ ಕಣ್ಣಲ್ಲಿ ನೀರು ಬಂತು. ಬಿಗಿ ಆಯಿತೇ ಎಂದು ನ್ಯಾಂಡೆಂಗ್ ಕೇಳಿದಳು. ಹೌದು ಎಂದಳು ಇವಳು.

ಸೆಪ್ಟೆಂಬರ್ ೭, ಭಾನುವಾರ

ನಾಳೆಯ ಮೊಂತಿ ಹಬ್ಬವನ್ನು ಕೊಂಕಣಿ ಸಂಘದವರು ಇವತ್ತೇ ಪಾಯಿಂಟ್ ಕುಕ್‌ನ ಹಾಲ್‌ನಲ್ಲಿ ಮಾಡಿದರು. ಮೇರಿ ಮಾತೆಗೆ ಮಕ್ಕಳು ಹೂ ಹಾಕಿದ ಮೇಲೆ ಮನೆಗೊಂದರಂತೆ ಹೊಸ ಭತ್ತದ ತೆನೆ ಹಂಚುತ್ತಾರೆ, ಆಮೇಲೆ ಬಾಳೆ ಎಲೆಯಲ್ಲಿ ಸಸ್ಯಾಹಾರದ ಊಟ. ನಾವು ಮೊದಲ ಸಲ ಹೋದಾಗ ತೆನೆಯ ಬುಟ್ಟಿ ಹಿಡಿದ ಹುಡುಗ ನಮ್ಮನ್ನು ದಾಟಿ ಮುಂದೆ ಹೋಗಿದ್ದ. ಬೇರೆ ಇಗರ್ಜಿಯ ಆಫ್ರಿಕಾದ ಅತಿಥಿಗಳು ಎಂದುಕೊಂಡನಂತೆ. ಪಾಪ, ಆಮೇಲೆ ಓಡಿ ಬಂದು ಕೊಟ್ಟ. ಈ ಸಲ ನಮ್ಮನ್ನು ಮುಂದಿನ ಸಾಲಿಗೇ ಕರೆದರು. ಡೆಲ್ಫಿನ್ ಜೊತೆ ಎಲ್ಲರಿಗೂ ಸೆಲ್ಫಿ. ನಮ್ಮ ಕೊಂಕಣಿ ಹುಡುಗಿ ಎಂದು ಮೈಕಿನಲ್ಲಿ ಹೇಳಿದರು. ಇವರು ತೆನೆಯನ್ನು ಅಂಗಿಯ ಜೇಬಿಗೆ ಸಿಕ್ಕಿಸಿಕೊಂಡು ಮೂಲೆಯಲ್ಲಿ ನಿಂತಿದ್ದರು.

ಸಂಘದ ಜೆಸ್ಲಿನ್, ಮಂಗಳೂರಿನವಳು, ಪಾಯಸ ಬಡಿಸುವಾಗ ಕಿವಿಯ ಹತ್ತಿರ ಬಗ್ಗಿದಳು.

"ಅಸುಂತಾ ಆಂಟಿ, ಆ ಟೆಸ್ಟ್ ಎಲ್ಲ ಎಂತಕ್ಕೆ ಮಾರಾಯ್ರೆ? ಆಫ್ರಿಕಾ ಅಂತ ನಾವಾಗಿ ಯಾಕೆ ಹೇಳುದು? ನಾವು ಇಂಡಿಯನ್ಸ್ ಅಂತ ಹೇಳಿ ಮುಗ್ಸಿಬಿಡಿ. ನಿಮ್ಗೇ ಒಳ್ಳೇದು."

ಒಳ್ಳೆಯ ಹುಡುಗಿ. ಭುಜ ನೋವಿನಲ್ಲಿ ನನಗೆ ವಾರಗಟ್ಟಲೆ ಸಾರು ತಂದುಕೊಟ್ಟವಳು. ಅವಳ ಮಾತಿಗೆ ತಲೆ ಆಡಿಸಿದೆ. ನಿನ್ನೆ ಅಂಗಡಿಯಲ್ಲಿ ಕಾಯುತ್ತಿದ್ದ ಆ ಹೆಂಗಸಿನ ಮಾತಿಗೂ ಆಡಿಸಿದ್ದೆ. ನನ್ನ ತಲೆ ಬಹಳ ಸಡಿಲ.

ಸೆಪ್ಟೆಂಬರ್ ೯, ಮಂಗಳವಾರ

ಒಂದು ಕೆಲಸ ಮಾಡಿದ್ದೇನೆ. ಸರಿಯೋ ತಪ್ಪೋ ಗೊತ್ತಿಲ್ಲ, ಆದರೆ ಮಾಡಿದ ಮೇಲೆ ಎದೆ ಸ್ವಲ್ಪ ಹಗುರಾಗಿದೆ.

ಇವರ ಪೆಟ್ಟಿಗೆಯಲ್ಲಿ ಒಂದು ಹಳೆಯ ಫೋಟೋ ಇದೆ. ಇವರು ಹುಡುಗರಾಗಿದ್ದಾಗ ಸರಕಾರದವರು ನಮ್ಮ ಸಿದ್ದಿ ಮಕ್ಕಳನ್ನು ಆರಿಸಿ ಬೆಂಗಳೂರಿಗೆ ಕರೆದುಕೊಂಡು ಹೋಗಿ ಓಟ ಕಲಿಸುತ್ತಿದ್ದರು. ಆಫ್ರಿಕಾದ ರಕ್ತ, ಪದಕ ತರುತ್ತಾರೆ ಎಂದು. ಫೋಟೋದಲ್ಲಿ ಹುಡುಗರು ಚಡ್ಡಿ ಹಾಕಿ ಬರಿಗಾಲಲ್ಲಿ ಸಾಲಾಗಿ ನಿಂತಿದ್ದಾರೆ. ಇವರು ಕೊನೆಯವರು. ನಮ್ಮವರು ಯಾರು ಎಂದು ತೋರಿಸಲು ಅದಕ್ಕಿಂತ ಬೇರೆ ಏನು ಬೇಕು? ಫೋನಿನಲ್ಲಿ ಅದರ ಚಿತ್ರ ತೆಗೆದು, ನಾನು ಅವಳ ತಾಯಿ, ಇದು ಅವಳ ತಂದೆ, ಈಗಲಾದರೂ ನಂಬಿ ಎಂದು ಬರೆದು ಬ್ರೆಟ್‌ನ ಕಾರ್ಯಕ್ರಮಕ್ಕೆ ಕಳಿಸಿದೆ.

ಇವರನ್ನು ಕೇಳಬೇಕಿತ್ತೇನೋ. ಕೇಳಿದರೆ ಬೇಡ ಎನ್ನುತ್ತಿದ್ದರು.

ಸೆಪ್ಟೆಂಬರ್ ೧೦, ಬುಧವಾರ

ಬ್ರೆಟ್ ನನ್ನ ಪತ್ರವನ್ನು ಓದಿದ. ನನ್ನ ಇಂಗ್ಲಿಷನ್ನು ನಿಧಾನವಾಗಿ, ತಪ್ಪಿದ್ದಲ್ಲಿ ನಿಂತು ನಿಂತು ಓದಿದ. ಅಮ್ಮ ಫೋಟೋ ಕಳಿಸಿದ್ದಾಳೆ, ಚೆನ್ನಾಗಿದೆ, ಆದರೆ ಫೋಟೋ ಪರೀಕ್ಷೆಯಲ್ಲ ಎಂದ. ಫೋಟೋವನ್ನು ಅವರ ಪುಟದಲ್ಲಿ ಹಾಕಿದರು. ಇವರ ಗೋದಾಮಿನಲ್ಲಿ ಯಾರೋ ಊಟದ ಹೊತ್ತಿಗೆ ಫೋನು ಹಿಡಿದು, ಇದು ನೀನಾ ಎಂದು ಇವರನ್ನು ಕೇಳಿದರಂತೆ.

ಇವರು ಮಧ್ಯಾಹ್ನವೇ ಮನೆಗೆ ಬಂದರು. ಬೂಟು ಬಿಚ್ಚದೆ ಕುರ್ಚಿಯಲ್ಲಿ ಕೂತರು.

"ಅದನ್ನ ಯಾಕ ಕಳಿಸಿದಿ?"

"ನಂಬ್ತಾರ ಅಂತ."

"ಆ ಫೋಟೋದಾಗ ನನ್ನ ಬಾಜೂಕ ಒಬ್ಬಾವ ನಿಂತಾನ, ನೋಡಿಯೇನು? ಅವನ ಕೈಯಾಗ ಏನೈತಿ?"

ನಾನು ಎಷ್ಟೋ ಸಲ ನೋಡಿದ ಫೋಟೋ. ಆ ಮನುಷ್ಯನ ಕೈಯಲ್ಲಿ ಟೇಪು ಇದೆ. ದರ್ಜಿಯ ಟೇಪು. ಅದನ್ನು ನಾನು ಗಮನಿಸಿರಲೇ ಇಲ್ಲ.

"ನಮ್ಮ ತೊಡಿ ಅಳದ, ಹಿಮ್ಮಡಿ ಅಳದ, ಕೂದಲಾ ಎಳದು ನೋಡಿದ. ಅಸಲಿ ಮಾಲು ಅಂದ," ಎಂದರು ಇವರು. ಇಷ್ಟು ವರ್ಷದಲ್ಲಿ ನನಗೆ ಒಂದು ದಿನವೂ ಹೇಳಿರದ ಮಾತು. "ಎರಡು ವರ್ಷಕ್ಕ ನಾನು ಓಟದಾಗ ಹಿಂದ ಬಿದ್ದೆ. ಮೊಣಕಾಲು ನೋಯ್ತಿತ್ತು. ಅದ ಮನಷ್ಯಾ ಎಲ್ಲಾರ ಮುಂದ ಹೇಳಿದ, ಇಂವಾ ಅಸಲಿ ಅಲ್ಲ, ಅನ್ನಾ ತಿಂದು ತಿಂದು ಇವರ ರಕ್ತಾ ನೀರಾಗೇತಿ ಅಂತ. ಟ್ರಂಕ್ ಕೊಟ್ಟು ಬಸ್ಸಿಗೆ ಹತ್ತಿಸಿದರು. ಊರಾಗ ನಮ್ಮಪ್ಪ ಏನೂ ಕೇಳಲಿಲ್ಲ. ಎಮ್ಮೆ ಬಿಟ್ಟಕೊಂಡು ಬಾ ಅಂದ, ಅಷ್ಟ."

ಡೆಲ್ಫಿನ್ ಬಾಗಿಲಲ್ಲಿ ನಿಂತಿದ್ದಳು. ಯಾವಾಗ ಬಂದಳೋ.

"ನಿಮಗೂ ಹಾಗೇ ಹೇಳಿದ್ರಾ ಪಪ್ಪಾ? ನೀವು ಅಸಲಿ ಅಲ್ಲ ಅಂತ?" ಇಂಗ್ಲಿಷಿನಲ್ಲೇ ಕೇಳಿದಳು.

"ಹೂಂ. ಅವರಿಗೆ ಬೇಕಾದಾಗ ನಾವು ಪೂರ್ತಿ ಆಫ್ರಿಕಾ ಇದ್ವಿ. ಬ್ಯಾಡ ಆದಾಗ ಒಂದು ತಟಕೂ ಇರಲಿಲ್ಲ. ನೀ ಆ ಡಬ್ಬ್ಯಾಗ ಉಗುಳಿ ಕೊಡು ಬೇಕಾದ್ರ, ನಾ ಬ್ಯಾಡ ಅನ್ನೂದಿಲ್ಲ. ಆದರ ಅವರಿಗೆ ಸಾಲೂದಿಲ್ಲ, ಮಗಾ. ಎಷ್ಟು ಕೊಟ್ಟರೂ ಸಾಲೂದಿಲ್ಲ."

ಇವರು ಎದ್ದು ಬಚ್ಚಲಿಗೆ ಹೋದರು. ನೀರು ಬಿಟ್ಟ ಸದ್ದು ಬಹಳ ಹೊತ್ತು ಕೇಳಿತು. ನಾನು ಏನು ಮಾಡಿಬಿಟ್ಟೆ. ನಾನು ಬಾಗಿಲ ಹೊರಗೆ ನಿಂತು, ತಪ್ಪಾಯಿತು ಎಂದೆ. ಒಳಗಿನಿಂದ, "ಆತು ಬಿಡು, ಚಾ ಇಡು," ಎಂದರು. ಚಹಾ ಇಡುತ್ತಾ ಅತ್ತೆ.

ಸೆಪ್ಟೆಂಬರ್ ೧೧, ಗುರುವಾರ

ಡೆಲ್ಫಿನ್ ಡಬ್ಬಿಯನ್ನು ಬಿಚ್ಚಿ, ಕೊಳವೆ ಹೊರತೆಗೆದು, ಊಟದ ಮೇಜಿನ ಮೇಲೆ ಇಟ್ಟು ನೋಡುತ್ತಾ ಕೂತಿದ್ದಳು. ಆಮೇಲೆ ಪ್ರಾಕ್ಟೀಸಿಗೆ ಹೋದಳು. ಏನು ತೀರ್ಮಾನಿಸಿದಳೋ ಹೇಳಲಿಲ್ಲ. ಕೇಳಲು ನನಗೆ ಧೈರ್ಯವಿಲ್ಲ. ಶನಿವಾರಕ್ಕೆ ತಂಡದಲ್ಲಿ ಅವಳ ಹೆಸರು ಇದೆ.

ತಲೆ ಕೆಟ್ಟಾಗ ನಾನು ಕೌದಿ ಹೊಲಿಯುತ್ತೇನೆ. ನಮ್ಮ ಕಡೆ ಹಳೆ ಬಟ್ಟೆ ಜೋಡಿಸಿ ಹೊಲಿಯುವ ದಪ್ಪ ಹೊದಿಕೆ. ಇವಳ ಚಿಕ್ಕಂದಿನ ಜರ್ಸಿಗಳನ್ನೆಲ್ಲ ಸೇರಿಸಿ ಒಂದು ಶುರು ಮಾಡಿ ಬಹಳ ದಿನವಾಯಿತು, ಮುಗಿದಿಲ್ಲ. ಸಂಜೆ ಕಾರ್ಪೆಟ್ಟಿನಲ್ಲಿ ಬಿದ್ದಿದ್ದ ಸೂಜಿ ಇವರ ಕಾಲಿಗೆ ಚುಚ್ಚಿತು. ಈ ತಿಂಗಳಲ್ಲಿ ಇದು ಎಷ್ಟನೇ ಸಲವೋ.

"ಒಂದು ಡಬ್ಬ್ಯಾಗ ಹಾಕಿಡಾಕ ಆಗೂದಿಲ್ಲೇನು?"

ಕೈಗೆ ಸಿಕ್ಕಿದ್ದು ಆ ಕೊಳವೆ. ಸೂಜಿಗೆ ಅಳತೆ ಕೊಟ್ಟು ಮಾಡಿಸಿದ ಹಾಗಿದೆ. ಎಲ್ಲ ಸೂಜಿ ಹಾಕಿ ಮುಚ್ಚಳ ತಿರುಗಿಸಿ ಹೊಲಿಗೆ ಚೀಲದಲ್ಲಿ ಇಟ್ಟೆ. ಆಮೇಲೆ ನೆನಪಾಯಿತು. ಡೆಲ್ಫಿನ್ ಅದನ್ನು ಸಿಡ್ನಿಗೆ ಒಯ್ಯುವುದಾದರೆ? ತೊಳೆದರೆ ಆಗುತ್ತದೋ ಇಲ್ಲವೋ. ನಾಳೆ ಹೇಳಬೇಕು.

ಸೆಪ್ಟೆಂಬರ್ ೧೨, ಶುಕ್ರವಾರ

ಡೆಲ್ಫಿನ್ ತಂಡದ ಜೊತೆ ಬೆಳಿಗ್ಗೆಯೇ ವಿಮಾನದಲ್ಲಿ ಹೋದಳು. ಸೂಜಿಯ ವಿಷಯ ನಾನು ಅವಳಿಗೆ ಹೇಳಲಿಲ್ಲ. ಖಾಲಿ ಡಬ್ಬಿ ಫ್ರಿಡ್ಜಿನ ಮೇಲೆಯೇ ಇದೆ. ಮರೆತಳೋ, ಬಿಟ್ಟಳೋ? ನಾವು ಕಾರಿನಲ್ಲಿ ಹೊರಟಿದ್ದೇವೆ. ಇದನ್ನು ಹ್ಯೂಮ್ ಹೈವೇ ಪಕ್ಕದ ಪೆಟ್ರೋಲ್ ಬಂಕಿನಲ್ಲಿ ಕೂತು ಬರೆಯುತ್ತಿದ್ದೇನೆ. ಹೊಲಿಗೆ ಚೀಲ ತಂದಿದ್ದೇನೆ, ಬೇಕಾದರೆ ಕೊಳವೆ ಅಲ್ಲೇ ಇದೆ.

ಸೆಪ್ಟೆಂಬರ್ ೧೪, ಭಾನುವಾರ, ಸಿಡ್ನಿ

ನಿನ್ನೆ ನಾನು ಟಿವಿಯಲ್ಲಿ ಮರ್ಯಾದೆ ಕಳೆದೆ ಎಂದು ಕಾಣುತ್ತದೆ.

ಆಟ ಚೆನ್ನಾಗಿತ್ತು. ಡೆಲ್ಫಿನ್ ಮೂರು ಗೋಲು ಹೊಡೆದಳು. ಒಂದಕ್ಕೆ ಅವಳು ಓಡಿದ್ದನ್ನು ನೋಡಿ ಇವರು ಬೇಲಿಯ ಕಂಬಿ ಹಿಡಿದು ಎದ್ದು ನಿಂತರು, ಕೊನೆಯವರೆಗೂ ಕೂರಲಿಲ್ಲ. ಪಕ್ಕದಲ್ಲಿ ಒಬ್ಬ ಏನೋ ಗೊಣಗಿದಾಗ ನಾನು ತಿರುಗಿ, ಏನು ಹೇಳಿದೆ, ಇನ್ನೊಮ್ಮೆ ಹೇಳು ಎಂದೆ. ಅವನು ಬರೀ ಬಿಯರ್ ಕ್ಯೂ ಬಗ್ಗೆ ಹೇಳಿದ್ದಂತೆ. ನನಗೇ ನಾಚಿಕೆಯಾಯಿತು.

ಆಟ ಮುಗಿದ ಮೇಲೆ ತಂಡದ ಹುಡುಗಿಯರೆಲ್ಲ ಬೇಲಿಯ ಹತ್ತಿರ ಬಂದರು. ನಾನು ಇಡ್ಲಿಯಂಥ ಸಾನ್ನಾ ಮತ್ತು ಹಂದಿ ಮಾಂಸದ ಕ್ಯಾರಿಯರ್ ಹಿಡಿದು ನಿಂತಿದ್ದೆ. ಆಗ ಮೈಕು ಹಿಡಿದು, ಕ್ಯಾಮೆರಾ ಹಿಂದಿಟ್ಟುಕೊಂಡು ಬ್ರೆಟ್ ಬಂದ. ರೇಡಿಯೋದಲ್ಲಿ ಕೇಳಿದಷ್ಟು ಎತ್ತರವಿಲ್ಲ. ಮೊದಲು ಡೆಲ್ಫಿನ್‌ಗೆ ಕೇಳಿದ, ಒಳ್ಳೆ ಆಟ, ಆದರೆ ಎಲ್ಲರೂ ಕಾಯುತ್ತಿದ್ದಾರೆ, ಪರೀಕ್ಷೆ ಯಾವಾಗ ಎಂದು. ಅವಳು, "ನಾನು ಮಾಡಿಸುವುದಿಲ್ಲ. ಕೂಗಿದ್ದನ್ನು ಕೇಳಿದ್ದೇನೆ, ಗುರುವಾರ ವಿಚಾರಣೆಯಲ್ಲಿ ಅದನ್ನು ಹೇಳುತ್ತೇನೆ," ಎಂದಳು. ಅವನು ಮೈಕನ್ನು ನನ್ನ ಕಡೆ ತಿರುಗಿಸಿದ. "ಅಮ್ಮಾ, ನೀವಾದರೂ ಹೇಳಿ. ಹೆದರಿಕೆ ಯಾಕೆ? ಆ ಕೊಳವೆ ಎಲ್ಲಿದೆ?"

ನಾನು ಕೇಳಿದ್ದಕ್ಕೆ ಉತ್ತರ ಹೇಳಿದೆ. ನನ್ನ ಹತ್ತಿರ ಇದೆ, ಆದರೆ ಈಗ ಆಗುವುದಿಲ್ಲ, ಅದರಲ್ಲಿ ಸೂಜಿ ಇಟ್ಟಿದ್ದೇನೆ ಎಂದೆ.

ಅವನಿಗೆ ಅರ್ಥವಾಗಲಿಲ್ಲ. ಮತ್ತೆ ಕೇಳಿದ.

ಹೊಲಿಗೆ ಸೂಜಿ, ನನ್ನ ಗಂಡನ ಕಾಲಿಗೆ ಚುಚ್ಚುತ್ತಿತ್ತು ಎಂದು ಬಿಡಿಸಿ ಹೇಳಿದೆ. ಬೇಕಾದರೆ ಎಂದು ಚೀಲದಿಂದ ತೆಗೆದು ತೋರಿಸಿದೆ.

"ಪರವಾಗಿಲ್ಲ, ಇನ್ನೊಂದು ಕಳಿಸುತ್ತೇವೆ," ಎಂದ.

"ಕಳಿಸಿ. ಗುಂಡುಸೂಜಿನೂ ಇದಾವೆ," ಎಂದೆ.

ಬೇಲಿಯ ಹತ್ತಿರ ಇದ್ದವರೆಲ್ಲ ನಕ್ಕರು. ಡೆಲ್ಫಿನ್ ನೆಲಕ್ಕೆ ಕೂತು ನಕ್ಕಳು. ಬ್ರೆಟ್ ಕ್ಯಾಮೆರಾದವನಿಗೆ ಸಾಕು ಎಂದು ಕೈ ಮಾಡಿದ. ನಾನು ತಮಾಷೆ ಮಾಡಿರಲಿಲ್ಲ, ಗುಂಡುಸೂಜಿ ನಿಜವಾಗಿಯೂ ಇವೆ. ನಾನು ಹಾಳು ಮಾಡಿದೆನಾ ಎಂದು ಇವರನ್ನು ದಾರಿಯುದ್ದಕ್ಕೂ ಕೇಳಿದೆ. ಇವರು ಸ್ಟೀರಿಂಗ್ ಮೇಲೆ ಹಣೆ ಇಟ್ಟು ನಕ್ಕರು. ಸಿಗ್ನಲ್ ಹಸಿರಾದ ಮೇಲೂ.

ಸೆಪ್ಟೆಂಬರ್ ೧೮, ಗುರುವಾರ

ವಿಚಾರಣೆ ಮುಗಿಯಿತು. ನಾನೂ ಜೊತೆಗೆ ಹೋಗಿದ್ದೆ. ಅವನು ಏನು ಕೂಗಿದ, ಎಲ್ಲಿ ನಿಂತಿದ್ದ ಎಂದು ಕೇಳಿದರು. ಡೆಲ್ಫಿನ್ ಹೇಳಿದಳು. ಬೇರೆ ಯಾರಾದರೂ ಕೇಳಿದ್ದೀರಾ ಎಂದಾಗ ನಾನು ಕೈ ಎತ್ತಿ, ನಾನು ಪಕ್ಕದಲ್ಲೇ ಇದ್ದೆ, ಎಲ್ಲವನ್ನೂ ಕೇಳಿದೆ ಎಂದೆ. ಎತ್ತಿದ್ದು ನೋವಿನ ಕೈ ಎಂದು ಮನೆಗೆ ಬಂದ ಮೇಲೆ ಗೊತ್ತಾಯಿತು. ನಾವು ಯಾರು, ಎಲ್ಲಿಯವರು ಎಂದು ಒಬ್ಬರೂ ಕೇಳಲಿಲ್ಲ. ಅವನು ಇನ್ನು ಎರಡು ವರ್ಷ ಯಾವ ಮೈದಾನಕ್ಕೂ ಬರುವ ಹಾಗಿಲ್ಲ. ಕಾಂಟ್ರಾಕ್ಟ್ ಇನ್ನೂ ಬಂದಿಲ್ಲ. ಕಾಯಬೇಕು.

ಸಂಜೆ ಇವರು ಆ ಫೋಟೋವನ್ನು ಡೆಲ್ಫಿನ್‌ಗೆ ಕೊಟ್ಟರು. ಅವಳು ಒಂದೊಂದೇ ಹುಡುಗನ ಮೇಲೆ ಬೆರಳಿಟ್ಟು ಹೆಸರು ಕೇಳಿದಳು. ಇವರಿಗೆ ಎಲ್ಲರ ಹೆಸರೂ ನೆನಪಿದೆ.

ಸೆಪ್ಟೆಂಬರ್ ೨೨, ಸೋಮವಾರ

ಬೆಳಿಗ್ಗೆ ಮಾರ್ಜರಿ ಅಜ್ಜಿ, ಊರು ಯಾವುದು ಎಂದರು. ಡ್ಯಾಂಡಿನಾಂಗ್ ಎಂದೆ. ಇನ್ನೊಂದು ಸಾಕ್ಸ್ ಹಾಸಿಗೆಯ ಕೆಳಗೆ ಬಿದ್ದಿತ್ತು, ಬಗ್ಗಿ ತೆಗೆಯುವುದರಲ್ಲಿ ಸಾಕಾಯಿತು. "ಲವ್ಲಿ," ಎಂದರು ಅಜ್ಜಿ.

ರೇಡಿಯೋದಲ್ಲಿ ಬ್ರೆಟ್ ಯಾರದೋ ಮೊಣಕಾಲಿನ ಬಗ್ಗೆ ಮಾತಾಡುತ್ತಿದ್ದ.

ಮನೆಗೆ ಬಂದರೆ ಪೋಸ್ಟಿನಲ್ಲಿ ಇನ್ನೊಂದು ಡಬ್ಬಿ. ಹೇಳಿದ ಹಾಗೆ ಕಳಿಸಿದ್ದಾನೆ. ಗುಂಡುಸೂಜಿ ಹಾಕಿದೆ. ಈ ಕೊಳವೆಯ ಮುಚ್ಚಳ ಸ್ವಲ್ಪ ಬಿಗಿ.